ಬಂಪರಿನ ಕುಂಕುಮ

ಗುರಲಿಂಗಪ್ಪನ ಮನೆಗೆ ಮೋಟಾರು ಬಂದ ದಿನ ಅವನ ಹೆಂಡತಿ ರುದ್ರವ್ವ ಅದಕ್ಕೆ ಹಿಂಡಿ ನೆನೆಯಿಟ್ಟಿದ್ದಳೆಂದು ಜೋರಾಪುರ ಪೇಟೆಯವರು ಬಹಳ ದಿನ ಆಡಿಕೊಂಡು ನಕ್ಕರು. ಮಾತು ಪೂರ್ತಿ ಸುಳ್ಳಲ್ಲ. ಹಿಂಡಿ ನೆನೆಯಿಟ್ಟದ್ದು ನಿಜ, ಆದರೆ ಅದು ಎತ್ತುಗಳಿಗೆ. ಎತ್ತುಗಳನ್ನು ಮಾರಿ ಆಗಲೇ ಎರಡು ದಿನವಾಗಿತ್ತು. ಮೂವತ್ತು ವರ್ಷ ಹಿಂಡಿ ನೆನೆಯಿಟ್ಟ ಕೈಗೆ ಅದು ಇನ್ನೂ ಗೊತ್ತಾಗಿರಲಿಲ್ಲ, ಅಷ್ಟೆ. ಬುಟ್ಟಿ ಹಿಡಿದು ಖಾಲಿ ಗ್ವಾದಲಿಯ ಮುಂದೆ ನಿಂತಿದ್ದ ಅತ್ತೆಯ ಕೈಯಿಂದ ಸೊಸೆ ನೀಲಾಬಾಯಿ ಬುಟ್ಟಿ ಇಸಿದುಕೊಂಡು ಪಕ್ಕದ ಮನೆಯ ಎಮ್ಮೆಗೆ ಹಾಕಿ ಬಂದಳು. 

ಅದು ಅರವತ್ಮೂರನೆಯ ಇಸವಿ. ಗುರಲಿಂಗಪ್ಪ ನಲವತ್ತು ವರ್ಷ ಚಕ್ಕಡಿ ಹೂಡಿ ವಿಜಾಪುರದ ಪೇಟೆಯಿಂದ ತಿಕೋಟಾ, ಬಬಲೇಶ್ವರದ ಅಂಗಡಿಗಳಿಗೆ ಉಪ್ಪು, ಬೆಲ್ಲ, ಚಿಮಣಿ ಎಣ್ಣೆಯ ಡಬ್ಬಿ ಹೇರಿದವನು. ಲಾರಿಗಳು ಬಂದು ಚಕ್ಕಡಿಯ ಬಾಡಿಗೆಯನ್ನು ತಿಂದುಹಾಕತೊಡಗಿದಾಗ ಮಗ ಶಿವಯೋಗೆಪ್ಪ ರಸ್ತೆ ಗುತ್ತಿಗೆದಾರನ ಹತ್ತಿರ ಮೂರು ವರ್ಷ ಡ್ರೈವರಕಿ ಕಲಿತು ಬಂದಿದ್ದ. ಅಪ್ಪ ಚಕ್ಕಡಿ ಮಾರಿದ, ಎತ್ತು ಮಾರಿದ, ಸೊಲ್ಲಾಪುರಕ್ಕೆ ಹೋಗಿ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಪಿಕಪ್ ಗಾಡಿಯೊಂದನ್ನು ತಂದ. ಮುಂದೆ ಮೂವರು ಕೂಡಬಹುದು, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ. ಎತ್ತಿನ ಗೆಜ್ಜೆಸರ ಮಾತ್ರ ಮಾರಿರಲಿಲ್ಲ. ಅದನ್ನು ಬಂಪರಿಗೆ ಕಟ್ಟಿದ.

ಕಟ್ಟಿ ಆದಮೇಲೆ ಗಾಡಿಯ ಸುತ್ತ ಎರಡು ಸುತ್ತು ಹಾಕಿ ಕೇಳಿದ, "ಎಳಿಯೂದು ಎಲ್ಲೈತಿ?"

"ಇಂಜಿನ್ನ? ಮುಂದೈತಿ ಯಪ್ಪಾ, ಬಾನೆಟ್ಟಿನ ಒಳಗ," ಎಂದ ಶಿವಯೋಗೆಪ್ಪ.

"ಹಂಗಾರ ಭಾರ ಹಿಂದ."

ತೀರ್ಮಾನ ಮುಗಿಯಿತು. ಭಾರ ಹೇರುವ ವಿಷಯದಲ್ಲಿ ಗುರಲಿಂಗಪ್ಪನಿಗೆ ಎದುರು ಹೇಳುವವರು ವಿಜಾಪುರದಲ್ಲಿ ಹುಟ್ಟಿರಲಿಲ್ಲ, ಕನಿಷ್ಠ ಅವನ ಮನೆಯಲ್ಲಂತೂ ಹುಟ್ಟಿರಲಿಲ್ಲ. ಚಕ್ಕಡಿಯಲ್ಲಿ ಭಾರ ಮುಂದಾದರೆ ನೊಗ ಕೆಳಗೆ ಒತ್ತಿ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದಾದರೆ ನೊಗ ಮೇಲೆದ್ದು, ಕೊರಳಿಗೆ ಕಟ್ಟಿದ ಜತ್ತಿಗೆಯ ಪಟ್ಟಿ ಬಿಗಿದು ಎತ್ತಿನ ಕಣ್ಣುಗಳು ಹೊರಗೆ ಬರುತ್ತವೆ. ಎರಡೂ ಆಗದಂತೆ ಹೇರುವುದೇ ವಿದ್ಯೆ. ನಲವತ್ತು ವರ್ಷದಲ್ಲಿ ತನ್ನ ಎತ್ತಿನ ಹೆಗಲ ಮೇಲೆ ಒಂದು ಕೂದಲು ಉದುರಿಲ್ಲ ಎಂದು ಅವನು ಮದುವೆಮನೆಯಲ್ಲಿ ಹೇಳುತ್ತಿದ್ದ, ಮಣ್ಣಿಗೆ ಹೋದಲ್ಲೂ ಹೇಳುತ್ತಿದ್ದ. ನೀಲಾಬಾಯಿ ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ರೊಟ್ಟಿ ಬಡಿಯುವ ಸಪ್ಪಳದ ನಡುವೆಯೂ ಮುಂದಿನ ಶಬ್ದ ಯಾವುದೆಂದು ಅವಳಿಗೆ ಬಾಯಿಪಾಠ ಬರುತ್ತಿತ್ತು.

ಹಾಗಂತ ಅವಳು ಮಾವನ ಜೊತೆ ಮಾತಾಡಿದವಳಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ನುಡಿಯುವ ಪದ್ಧತಿ ಇರಲಿಲ್ಲ. ಅವನು ಪಡಸಾಲೆಯಲ್ಲಿ ಕೂತು "ನೀರು ಕಾದಾವೇನಂತ?" ಎಂದರೆ, ಅವಳು ಬಾಗಿಲ ಮರೆಯಿಂದ "ಕಾದಾವಂತ ಹೇಳ್ರಿ ಅತ್ತಿ" ಅನ್ನಬೇಕು, ಇಬ್ಬರಿಗೂ ಮೂರು ಮಾರು ದೂರದಲ್ಲಿದ್ದ ರುದ್ರವ್ವ "ಕಾದಾವಂತ್ರಿ" ಎಂದು ಒಪ್ಪಿಸಬೇಕು. ರುದ್ರವ್ವನ ಅರ್ಧ ಆಯುಷ್ಯ ಇದರಲ್ಲೇ ಹೋಗಿತ್ತು.

ಗಾಡಿಯ ಹೇರು ಮುಗಿದ ಮೇಲೆ, ಹೊರಡುವ ಮೊದಲು, ಮುಂಭಾಗಕ್ಕೆ ಕುಂಕುಮ ಹಚ್ಚುವುದು ನೀಲಾಬಾಯಿಯ ಕೆಲಸ. ಹಿಂದೆ ಎತ್ತಿನ ಹಣೆಗೆ ಹಚ್ಚುತ್ತಿದ್ದಳು, ಈಗ ಗೆಜ್ಜೆಸರದ ಪಕ್ಕ ಬಂಪರಿನ ನಡುವೆ. ಗಿಡ್ಡ ಆಳಾದರೂ ಅವಳು ಸೊಂಟ ಬಗ್ಗಿಸಿಯೇ ಹಚ್ಚಬೇಕಿತ್ತು.

ಮೊದಲ ಎರಡು ವಾರ ಚೆನ್ನಾಗಿಯೇ ನಡೆಯಿತು. ಹೇರು ಹಗುರವಿತ್ತು. ಮೂರನೆಯ ವಾರ ಉಪ್ಪಿನ ಚೀಲ, ಕಬ್ಬಿಣದ ಸಲಾಕೆ ಬಂದವು. ಗುರಲಿಂಗಪ್ಪ ನಿಂತು ಹಮಾಲ ಕರೆಪ್ಪನಿಂದ ಎಲ್ಲವನ್ನೂ ತೊಟ್ಟಿಯ ಬಾಲಕ್ಕೆ ಒಟ್ಟಿಸಿದ. ಮುಂದೆ, ಡ್ರೈವರನ ಬೆನ್ನ ಹಿಂದೆ, ಒಂದು ಹಾಸಿಗೆ ಹಾಸಿ ಮಲಗುವಷ್ಟು ಜಾಗ ಖಾಲಿ. ಆ ದಿನ ಶಿವಯೋಗೆಪ್ಪ ಮನೆಗೆ ಬಂದವನು ಊಟಕ್ಕೆ ಕೂತು ಮಜ್ಜಿಗೆಯನ್ನಷ್ಟೇ ಎರಡು ಸಲ ಕೇಳಿ ಕುಡಿದ.

"ಯಪ್ಪಾ, ನಾಳಿಂದ ಚೀಲ ಒಂದೀಟು ಮುಂದ ಹೇರೂಣು," ಎಂದ. "ಸ್ಟೇರಿಂಗ ಹಗುರಾಗತೈತಿ."

"ಹಗುರಾದ್ರ ಚಲೋನ ಆತು. ಕೈ ನೋಯೂದಿಲ್ಲ."

"ಹಂಗಲ್ಲ. ನಾ ಬಲಕ್ಕ ತಿರುವಿದ್ರ ಗಾಡಿ ಒಂದ ಗಳಿಗಿ ವಿಚಾರ ಮಾಡಿ ಆಮ್ಯಾಲ ತಿರಗತೈತಿ."

"ಹೊಸಾ ಎತ್ತೂ ವಿಚಾರ ಮಾಡತೈತಿ. ರೂಢಿ ಆಗಬೇಕ."

"ಇದು ಎತ್ತಲ್ಲ ಯಪ್ಪಾ!"

"ಎತ್ತಲ್ಲಂದ್ರ ಕುಂಕುಮ ಯಾಕ ಹಚ್ಚತೀರಿ? ಮುಂದ ಹೇರಿ ಇಂಜಿನ್ನಿನ ಹೆಗಲ ಮುರಿಯೂದೈತೇನು? ನಲವತ್ತ ವರ್ಷದಾಗ ನನ್ನ ಎತ್ತಿನ ಹೆಗಲ ಮ್ಯಾಲ..."

"ತಾಟಿನ ಮುಂದ ಕುಂತು ಜಗಳಾ ಬ್ಯಾಡ," ಎಂದಳು ರುದ್ರವ್ವ. "ರೊಟ್ಟಿ ಆರಾಕತ್ತಾವ. ನೀಲಾ, ಝುಣಕ ತಾ ಬೇ."

ನೀಲಾಬಾಯಿ ಝುಣಕ ತಂದಳು. ಗಂಡ ತಲೆ ಎತ್ತಲಿಲ್ಲ. ಅವನ ಎರಡೂ ಅಂಗೈ ಕೆಂಪಾಗಿದ್ದವು. ಹಗುರಾದ ಸ್ಟೇರಿಂಗ್ ಚಕ್ರ ಹಿಡಿದ ಕೈ ಇಷ್ಟು ಕೆಂಪಾಗುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲವೆಂದು ಶಿವಯೋಗೆಪ್ಪ ಬೇರೆ ದಾರಿ ಹಿಡಿದ. ತೊರವಿ ದಾಟಿದ ಮೇಲೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕರೆಪ್ಪನನ್ನು ಕರೆದುಕೊಂಡು ಹಗ್ಗ ಬಿಚ್ಚಿ, ಅರ್ಧ ಚೀಲ ಮುಂದಕ್ಕೆ ಹೊತ್ತುಹಾಕಿ, ಮತ್ತೆ ಕಟ್ಟಿಕೊಂಡು ಹೋಗುವುದು. ಅದರಲ್ಲಿ ಒಂದು ತಾಸು ಹಾಳಾದರೂ ಗಾಡಿ ಹೇಳಿದ ಮಾತು ಕೇಳುತ್ತಿತ್ತು. ಎರಡು ವಾರ ಹೀಗೆ ನಡೆದ ಮೇಲೆ ತಿಕೋಟಾದ ಅಂಗಡಿಯ ಬಸಲಿಂಗಯ್ಯ ಒಮ್ಮೆ ಪೇಟೆಗೆ ಬಂದವನು, ಚಹಾ ಕುಡಿಯುತ್ತ ಗುರಲಿಂಗಪ್ಪನಿಗೆ ಹೊಗಳಿಕೆ ಅಂದುಕೊಂಡೇ ಹೇಳಿದ, "ಮೊದಲ ನಿಮ್ಮ ಗಂಟ ಬಿಚ್ಚಬೇಕಾದ್ರ ಹಲ್ಲ ಹಚ್ಚಬೇಕಾಗ್ತಿತ್ತು. ಈಗ ಕೈಲೇ ಬರತೈತಿ ನೋಡ್ರಿ, ಚಲೋ ಆಗೈತಿ."

ಚಕ್ಕಡಿಯವರಲ್ಲಿ ಒಂದು ಕಟ್ಟಳೆಯಿತ್ತು. ಹೇರು ಕಟ್ಟಿದವನ ಕೊನೆಯ ಗಂಟನ್ನು ಮಾಲು ಮುಟ್ಟುವ ತನಕ ಯಾರೂ ಬಿಚ್ಚಬಾರದು. ನಡುಹಾದಿಯಲ್ಲಿ ಬಿಚ್ಚುವುದೆಂದರೆ ಕಟ್ಟಿದವನ ತಲೆಯ ಮೇಲಿನ ರುಮಾಲು ತೆಗೆದಂತೆ. ಗುರಲಿಂಗಪ್ಪ ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದ.

"ನನ್ನ ಗಂಟ ಬಿಚ್ಚಿದಿ?"

"ಬಿಚ್ಚೀನಿ," ಎಂದ ಶಿವಯೋಗೆಪ್ಪ.

"ನಾ ಸತ್ತೀನೇನಲೇ?"

"ನೀ ಸಾಯಬಾರದು, ನಾನೂ ಸಾಯಬಾರದು ಅಂತನ ಬಿಚ್ಚಿದ್ನಿ ಯಪ್ಪಾ."

"ನನಗ ತಿರುಗಿ ಮಾತಾಡತಾನ ನೋಡ ಬೇ ನಿನ್ನ ಮಗ!" ಎಂದು ಗುರಲಿಂಗಪ್ಪ ಹೆಂಡತಿಯ ಮೇಲೆ ಕೂಗಿದ. ರುದ್ರವ್ವ ಅಕ್ಕಡಿ ಕಾಳು ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ಹುಟ್ಟಿದಾಗ ನಿಮ್ಮ ಮಗ ಆಗಿದ್ದ. ಈಗ ನನ್ನ ಮಗ ಆದ," ಎಂದಳು.

ಅಂದಿನಿಂದ ಅಪ್ಪ ಮಗನ ಮಾತು ನಿಂತಿತು. ಊಟದ ಸಾಲು ಎರಡಾಯಿತು. ಈಗ ರುದ್ರವ್ವನ ಕೆಲಸ ಇಮ್ಮಡಿ. ಬೆಳಿಗ್ಗೆ ಗಾಡಿಗೆ ಎಣ್ಣೆ ಹಾಕಿಸಬೇಕೆಂಬ ಮಾತು ಗುರಲಿಂಗಪ್ಪನಿಂದ ಹೊರಟು ರುದ್ರವ್ವನಿಗೆ, ರುದ್ರವ್ವನಿಂದ ನೀಲಾಬಾಯಿಗೆ, ನೀಲಾಬಾಯಿಯಿಂದ ಎದುರಿಗೇ ಕೂತ ಗಂಡನಿಗೆ ಬಂದು ಮುಟ್ಟುತ್ತಿತ್ತು. ಉತ್ತರ ಅದೇ ದಾರಿಯಲ್ಲಿ ವಾಪಸು ಹೋಗುತ್ತಿತ್ತು. ಸಿಟ್ಟಿನ ಮಾತೂ ಹೀಗೆ ಮೂರು ಬಾಯಿ ದಾಟುವಷ್ಟರಲ್ಲಿ ಆರಿಹೋಗುತ್ತಿತ್ತು ಎಂಬುದೊಂದೇ ಲಾಭ. ಗುರಲಿಂಗಪ್ಪ ಈಗ ದಿನಾ ಗಾಡಿಯ ಹಿಂದೆ, ತನ್ನ ಗಂಟಿನ ಪಕ್ಕದಲ್ಲೇ, ಹೇರಿನ ಮೇಲೆ ಕೂತು ಹೋಗತೊಡಗಿದ. ಗಂಟಿಗೆ ಕಾವಲು.

ಹೀಗೇ ಎರಡು ತಿಂಗಳಾಗುತ್ತ ಬಂದಾಗ ನೀಲಾಬಾಯಿಯ ಅಣ್ಣನ ಮಗಳಿಗೆ ತೊಟ್ಟಿಲು ಶಾಸ್ತ್ರ. ತವರು ತಿಕೋಟಾ. ಗಾಡಿ ಹೇಗೂ ಸಿಮೆಂಟು ಹೇರಿಕೊಂಡು ಅಲ್ಲಿಗೇ ಹೊರಟಿತ್ತು. ಅವಳು ಗಂಡನ ಪಕ್ಕದಲ್ಲಿ ಕೂತಳು. ಹಿಂದೆ ಮಾವ.

ಊರು ದಾಟಿ ಹಳ್ಳದ ಏರು ಬಂತು. ಏರಿನ ನಡುವೆ ಹಾದಿ ಎಡಕ್ಕೆ ತಿರುಗುತ್ತದೆ, ಎದುರಿನಿಂದ ಒಬ್ಬ ಮುದುಕಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಶಿವಯೋಗೆಪ್ಪ ಚಕ್ರವನ್ನು ಎಡಕ್ಕೆ ತಿರುವಿದ. ಅವನ ಕೈ ತಿರುಗಿದ್ದನ್ನು ನೀಲಾಬಾಯಿ ಕಂಡಳು, ಗಾಡಿ ತಿರುಗದೆ ನೆಟ್ಟಗೆ ಹೋದದ್ದನ್ನೂ ಕಂಡಳು. ಅವನು ಇನ್ನೂ ತಿರುವಿದ. ಗಾಡಿ ನೆಟ್ಟಗೇ ಹೋಯಿತು. ಮುದುಕಿ ಹೊರೆ ಚೆಲ್ಲಿ ಜಾಲಿಯ ಬುಡಕ್ಕೆ ಹಾರಿದಳು. ಆಮೇಲೆ ಮುಂದಿನ ಗಾಲಿಗಳಿಗೆ ನೆಲ ಸಿಕ್ಕಿ ಗಾಡಿ ಒಮ್ಮೆಲೇ ಎಡಕ್ಕೆ ಎಗರಿ ಜೋಳದ ಹೊಲದಲ್ಲಿ ಹತ್ತು ಮಾರು ಓಡಿ ನಿಂತಿತು.

ಮುದುಕಿಗೆ ಮೊಣಕೈ ತರಚಿತ್ತು, ಬಾಯಿ ಮಾತ್ರ ಗಟ್ಟಿಯಾಗಿಯೇ ಇತ್ತು. ಗುರಲಿಂಗಪ್ಪ ಹಿಂದಿನಿಂದ ಇಳಿದು ಮೊದಲು ಗಂಟು ನೋಡಿಕೊಂಡ. ಗಂಟು ಸಡಿಲಾಗಿರಲಿಲ್ಲ.

"ನೋಡು, ಹೇರು ಅಲಗ್ಯಾಡಿಲ್ಲ," ಎಂದು ಹೊಲಕ್ಕೆ ಹೇಳಿದ. "ಹೊಡಿಯಾಂವನ ಕೈ ಸರಿ ಇಲ್ಲ."

ಸಂಜೆ ಖಾಲಿ ಗಾಡಿಯಲ್ಲಿ ಅದೇ ಹಾದಿಯಲ್ಲಿ ಮರಳಿ ಬರುವಾಗ ನೀಲಾಬಾಯಿ ಗಂಡನ ಕೈಯನ್ನೇ ನೋಡುತ್ತ ಕೂತಳು. ಅವನು ಎರಡು ಬೆರಳಿನಿಂದ ತಿರುವಿದರೂ ಗಾಡಿ ತಿರುಗುತ್ತಿತ್ತು. ಕೈ ಅದೇ, ಗಾಡಿ ಅದೇ, ಹಾದಿ ಅದೇ. ಬೇರೆಯಾಗಿದ್ದದ್ದು ಹೇರು ಒಂದೇ.

ಮರುದಿನ ಅತ್ತೆಯ ಮೂಲಕ ಮಾತು ಕಳಿಸಿದಳು. ರುದ್ರವ್ವ ಗಂಡನಿಗೆ ಎಣ್ಣೆ ಹಚ್ಚುತ್ತ, "ನೀಲಾ ಕಣ್ಣಾರೆ ನೋಡ್ಯಾಳಂತ್ರಿ. ಅಂವಾ ತಿರುವಿದ್ರೂ ತಿರಗಲಿಲ್ಲಂತ," ಎಂದಳು.

"ಆಕಿ ಯಾವಾಗ ಚಕ್ಕಡಿ ಹೂಡಿದ್ಲು ಕೇಳು."

"ಆಕಿ ಅಲ್ಲ, ನಾ ಕೇಳಾಕತ್ತೇನಿ. ನನಗ ಇರಾಂವ ಒಬ್ಬ ಮಗ."

"ಎಣ್ಣಿ ತಿಕ್ಕು," ಎಂದ ಗುರಲಿಂಗಪ್ಪ.

ಆ ವಾರವೇ ನಿಡೋಣಿಯಿಂದ ಸಂಗಣ್ಣ ಬಂದ. ಊರಲ್ಲಿ ಹಿಟ್ಟಿನ ಗಿರಣಿ ಹಾಕುತ್ತಿದ್ದ. ಎಣ್ಣೆಯಿಂದ ನಡೆಯುವ ಇಂಜಿನ್ನು, ಎರಡು ಬೀಸುವ ಕಲ್ಲು ವಿಜಾಪುರದ ಸ್ಟೇಶನ್ನಿಗೆ ಬಂದು ಬಿದ್ದಿದ್ದವು. ಇಂಜಿನ್ನೇ ಏಳು ಕ್ವಿಂಟಲು. ಮುಟ್ಟಿಸುವ ಕೆಲಸವನ್ನು ಗುರಲಿಂಗಪ್ಪ ಒಪ್ಪಿಕೊಂಡ. ಅಷ್ಟು ದೊಡ್ಡ ಹೇರು ಅವನ ಜನ್ಮದಲ್ಲಿ ಬಂದಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಮುಖ ತೊಳೆಯುತ್ತಿದ್ದ ಶಿವಯೋಗೆಪ್ಪ ಕೈಗಡಿಯಾರ ಬಿಚ್ಚಿ ಹೆಂಡತಿಗೆ ಕೊಟ್ಟ. ಮದುವೆಯಲ್ಲಿ ಅವಳ ತವರಿನವರು ಕೊಟ್ಟಿದ್ದು. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ.

"ಇದು ಮನ್ಯಾಗಿರಲಿ."

ನೀಲಾಬಾಯಿ ಗಡಿಯಾರವನ್ನು ನೋಡಿದಳು, ಅವನನ್ನು ನೋಡಿದಳು. "ನೀವು ಒಲ್ಲೆ ಅನ್ರಿ," ಎಂದಳು.

"ಅಪ್ಪಗ ಒಲ್ಲೆ ಅಂತ ಈ ಮನ್ಯಾಗ ಯಾರೂ ಅಂದಿಲ್ಲ. ಗಂಟ ಬಿಚ್ಚಿದ್ದಕ್ಕ ಎರಡ ತಿಂಗಳಿಂದ ನನ್ನ ಮಾರಿ ನೋಡಿಲ್ಲ. ಬಬಲೇಶ್ವರದ ತನಕ ಹಾದಿ ಸಪಾಟ ಐತಿ. ಅದರಾಚೆ ಏರೈತಿ. ನಿಧಾನ ಹೊಡೀತೀನಿ."

ಅವಳು ಗಡಿಯಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಲೆಯ ಮುಂದೆ ಕೂತಳು. ಮಡಿಕೆ ಕಾಳಿನ ಪಲ್ಯ ತಳ ಹಿಡಿಯಿತು. ರುದ್ರವ್ವ ಬೈಯಲಿಲ್ಲ.

ಸ್ಟೇಶನ್ನಿನಲ್ಲಿ ಹೇರಿಸಿಕೊಂಡು ಗಾಡಿ ಮನೆಯ ಮುಂದೆ ಬಂದು ನಿಂತಾಗ ಬಿಸಿಲು ಏರಿತ್ತು. ಅರ್ಧ ಪೇಟೆ ನೋಡಲು ಕೂಡಿತ್ತು. ಗುರಲಿಂಗಪ್ಪ ಇಂಜಿನ್ನನ್ನು ತೊಟ್ಟಿಯ ಕಟ್ಟಕಡೆಗೆ ನಿಲ್ಲಿಸಿದ್ದ. ಹಿಂದಿನ ಹಲಗೆಯನ್ನು ಸರಪಳಿಯ ಮೇಲೆ ಇಳಿಬಿಟ್ಟಿದ್ದ, ಅರ್ಧ ಇಂಜಿನ್ನು ಆ ಹಲಗೆಯ ಮೇಲೆ ಹೊರಗೆ ಬಂದಿತ್ತು. ಬೀಸುವ ಕಲ್ಲುಗಳನ್ನು ಅದಕ್ಕೆ ಒರಗಿಸಿ ಕಟ್ಟಿದ್ದ. ಡ್ರೈವರನ ಬೆನ್ನ ಹಿಂದೆ ಎಂದಿನಂತೆ ಖಾಲಿ. ಹಗ್ಗ ನೋಡಿದರೆ ಯಾರಾದರೂ ಭೇಷ್ ಅನ್ನಬೇಕು, ಅಷ್ಟು ಬಿಗಿ, ಅಷ್ಟು ಚೆಂದ. ಸಂಗಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತ ತೃಪ್ತಿಯಿಂದ ನಿಂತಿದ್ದ.

"ಕುಂಕುಮ ಹಚ್ಚತಾರೇನಂತ ಕೇಳು," ಎಂದ ಗುರಲಿಂಗಪ್ಪ ಹೆಂಡತಿಗೆ.

ನೀಲಾಬಾಯಿ ಕುಂಕುಮದ ಬಟ್ಟಲು ಹಿಡಿದು ಗಾಡಿಯ ಮುಂದೆ ಹೋದಳು. ಬೆರಳು ಅದ್ದಿದಳು, ಹಚ್ಚಿದಳು. ಹಿಂತಿರುಗಲು ಒಂದು ಹೆಜ್ಜೆ ಇಟ್ಟವಳು ನಿಂತಳು. ಏನೋ ತಪ್ಪಿತ್ತು. ಅವಳ ಸೊಂಟಕ್ಕೆ ಅದು ಮೊದಲು ಗೊತ್ತಾಯಿತು.

ಅವಳು ಬಗ್ಗಿರಲಿಲ್ಲ.

ಮತ್ತೆ ನೋಡಿದಳು. ಬಂಪರು ಅವಳ ಸೊಂಟದ ಹತ್ತಿರ ಇತ್ತು. ಗೆಜ್ಜೆಸರ ಗಾಳಿಯಲ್ಲಿ ತೂಗುತ್ತಿತ್ತು. ಗಾಡಿ ಹಿಂದೆ ಕುಸಿದು ಕೂತು ಮುಂದೆ ಮುಖ ಎತ್ತಿಕೊಂಡಿತ್ತು. ಒಳಗೆ ಅವಳ ಗಂಡ ಚಕ್ರ ಹಿಡಿದು ಎದುರಿನ ಹಾದಿಯನ್ನು ನೋಡುತ್ತ ಕೂತಿದ್ದ.

"ಆತೇನಂತ?" ಎಂದು ಗುರಲಿಂಗಪ್ಪ ಹಿಂದಿನಿಂದ ಕೇಳಿದ.

ರುದ್ರವ್ವ ಸೊಸೆಯ ಕಡೆ ತಿರುಗಿದಳು. ನೀಲಾಬಾಯಿ ಅತ್ತೆಯನ್ನು ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಾಡಿಯ ಬದಿಯಿಂದ ನಡೆದು ಬಂದು, ಮಾವನಿಗೆ ಎದುರಾಗಿ ನಿಂತಳು. ಅವಳ ಮಾತು ಪೇಟೆಗೆಲ್ಲ ಕೇಳಿಸಿತು.

"ಮಾವಾರ, ನೊಗ ಎದ್ದೈತ್ರಿ."

ಸಂಗಣ್ಣ ಎಲೆ ಅಗಿಯುವುದನ್ನು ಬಿಟ್ಟ. ಗುರಲಿಂಗಪ್ಪ ರೂಢಿಯಂತೆ ಹೆಂಡತಿಯ ಕಡೆ ನೋಡಿದ. ರುದ್ರವ್ವ, "ನನ್ನ ಯಾಕ ನೋಡತೀರಿ? ನಿಮಗ ಹೇಳ್ಯಾಳ," ಎಂದಳು.

"ಏನಂದಿ?" ಎಂದ ಗುರಲಿಂಗಪ್ಪ. ಯಾರಿಗೆ ಕೇಳಿದನೋ ಅವನಿಗೇ ತಿಳಿಯಲಿಲ್ಲ.

"ನೊಗ ಎದ್ದೈತ್ರಿ. ಹಿಂದ ಭಾರಾದ್ರ ನೊಗ ಏಳತೈತಿ, ಜತ್ತಿಗಿ ಬಿಗೀತೈತಿ ಅಂತ ನೀವ ಅಂತಿದ್ರಿ. ದಿನಾ ಬಗ್ಗಿ ಹಚ್ಚತಿದ್ನಿ. ಇವತ್ತ ಬಗ್ಗಲಿಲ್ಲ."

ಗುರಲಿಂಗಪ್ಪ ನಿಧಾನವಾಗಿ ಗಾಡಿಯ ಮುಂದೆ ಬಂದ. ಹಸಿ ಕುಂಕುಮವನ್ನು ನೋಡಿದ. ಚಕ್ಕಡಿ ಹೇರಾದ ಮೇಲೆ ನೊಗದ ತೂಕ ನೋಡಲು ಇಡುತ್ತಿದ್ದಂತೆ ಬಲ ಅಂಗೈಯನ್ನು ಬಂಪರಿನ ಮೇಲಿಟ್ಟು ಒತ್ತಿದ. ಅಷ್ಟು ದೊಡ್ಡ ಗಾಡಿಯ ಮುಖ ಅರವತ್ತು ವರ್ಷದ ಮುದುಕನ ಅಂಗೈಗೆ ಕೆಳಗೆ ಹೋಯಿತು. ಕೈ ತೆಗೆದ. ಮೇಲೆ ಬಂತು. ಇನ್ನೊಮ್ಮೆ ಒತ್ತಿದ. ಗೆಜ್ಜೆ ಘಲ್ ಎಂದವು.

ಗಾಜಿನ ಆಚೆ ಮಗನ ಮುಖವಿತ್ತು. ಎರಡು ತಿಂಗಳ ಮೇಲೆ ಅಪ್ಪ ಆ ಮುಖವನ್ನು ನೋಡಿದ. ಅಂಗೈಗೆ ಹತ್ತಿದ್ದ ಕುಂಕುಮವನ್ನು ಧೋತರಕ್ಕೆ ಒರೆಸಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಕರೆಪ್ಪಾ, ಹಾರಿ ತಗೊ," ಎಂದ.

"ಯಾಕ್ರಿ?" ಎಂದ ಸಂಗಣ್ಣ. "ಹೊತ್ತಾಗಾಕತ್ತೈತಿ."

"ಹೊತ್ತ ಆಗಲಿ."

ತನ್ನ ಗಂಟನ್ನು ತಾನೇ ಬಿಚ್ಚಿದ. ಹಲ್ಲು ಹಚ್ಚಬೇಕಾಯಿತು. ಶಿವಯೋಗೆಪ್ಪ ಕೆಳಗಿಳಿದು ಬಂದು ಕಬ್ಬಿಣದ ಹಾರೆಗೆ ಕೈ ಹಚ್ಚಿದ. ನಾಲ್ಕು ಜನ ಸೇರಿ ಇಂಜಿನ್ನನ್ನು ಮುಂದೆ, ಡ್ರೈವರನ ಬೆನ್ನಿನ ಗೋಡೆಗೆ ತಾಗುವ ತನಕ, ಜರುಗಿಸಿದರು. ಬೀಸುವ ಕಲ್ಲುಗಳನ್ನು ತಳಕ್ಕೆ ಅಂಗಾತ ಹಾಕಿದರು. ಜಾರದಂತೆ ಹಿಂದೆ ಮುಂದೆ ಕಟ್ಟಿಗೆಯ ತುಂಡು ಬಡಿದು, ಹಗ್ಗವನ್ನು ಎರಡೂ ಬದಿಯಿಂದ ಅಡ್ಡಡ್ಡ ಬಿಗಿದು, ಹಿಂದಿನ ಹಲಗೆಯನ್ನು ಎತ್ತಿ ಮುಚ್ಚಿದರು. ಅಷ್ಟಾಗುವಾಗ ನೆತ್ತಿಗೆ ಬಿಸಿಲು ಬಂದಿತ್ತು. ಗುರಲಿಂಗಪ್ಪ ಹಗ್ಗದ ತುದಿಯನ್ನು ಮಗನ ಕಡೆ ಚಾಚಿದ.

"ನೀ ಹಾಕು. ಹಾದಿಯಾಗ ಸಡಲಾದ್ರ ಬಿಗಿಯಾಂವ ನೀನ."

ಶಿವಯೋಗೆಪ್ಪ ಗಂಟು ಹಾಕಿದ. ಅಪ್ಪನದರಷ್ಟು ಚೆಂದವಿರಲಿಲ್ಲ. ಗುರಲಿಂಗಪ್ಪ ಅದನ್ನು ಎಳೆದು ನೋಡಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ. ಹೇರಿನ ಮೇಲೆ ಹತ್ತಲಿಲ್ಲ, ಮುಂದೆ ಮಗನ ಪಕ್ಕದಲ್ಲಿ ಕೂತ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಮರಳಿ ಬಂತು. ನಿಡೋಣಿಯವರು ಹಾಕಿದ ಊಟದ ಸುದ್ದಿ, ಏರಿನ ಸುದ್ದಿ ಎಲ್ಲವನ್ನೂ ಶಿವಯೋಗೆಪ್ಪ ಹೇಳಿದ. ಆ ದಿನದಿಂದ ಎತ್ತಿನ ಹೆಗಲಿನ ಮಾತನ್ನು ಗುರಲಿಂಗಪ್ಪ ಮದುವೆಮನೆಯಲ್ಲಾಗಲಿ ಮಣ್ಣಿಗೆ ಹೋದಲ್ಲಾಗಲಿ ಎತ್ತಿದ್ದನ್ನು ಯಾರೂ ಕೇಳಲಿಲ್ಲ. ನೀಲಾಬಾಯಿ ಸೆರಗಿನ ಗಂಟು ಬಿಚ್ಚಿ ಗಡಿಯಾರವನ್ನು ಗಂಡನ ಕೈಗೆ ಕಟ್ಟಿದಳು. ಊಟಕ್ಕೆ ಒಂದೇ ಸಾಲು ಹಾಕಿದಳು, ಯಾರನ್ನೂ ಕೇಳದೆ.

ಆದರೆ ಅವಳು ಮಾವನೊಂದಿಗೆ ಮತ್ತೆ ಮಾತಾಡಲಿಲ್ಲ. ಪದ್ಧತಿ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಹೊಸದಾಗಿ ಸೇರಿದ್ದು ಒಂದೇ ಮಾತು. ಹೇರು ಮುಗಿದು ನೀಲಾಬಾಯಿ ಬಟ್ಟಲು ಹಿಡಿದು ಗಾಡಿಯ ಮುಂದೆ ಹೋದಾಗ ಗುರಲಿಂಗಪ್ಪ ಕಟ್ಟೆಯ ಮೇಲಿಂದ ಹೆಂಡತಿಯನ್ನು ಕೇಳುತ್ತಿದ್ದ, "ಬಗ್ಗಿದ್ಲೇನು?"

"ಬಗ್ಗಿದ್ಲ್ರಿ," ಎನ್ನುತ್ತಿದ್ದಳು ರುದ್ರವ್ವ. ಆಮೇಲೆ ಶಿವಯೋಗೆಪ್ಪ ಗಂಟು ಹಾಕುತ್ತಿದ್ದ. ಗುರಲಿಂಗಪ್ಪನಿಗೆ ವಯಸ್ಸಾದಂತೆ ದೇವರ ಮೇಲೆ ಭಕ್ತಿ ಹೆಚ್ಚಾಗಿದೆ, ಸೊಸೆ ನಮಸ್ಕಾರ ಮಾಡದೆ ಗಾಡಿ ಬಿಡುವುದಿಲ್ಲ ಎಂದು ಪೇಟೆಯವರು ಮಾತಾಡಿಕೊಂಡರು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಬಬಲೇಶ್ವರದ ಸಂತೆಗೆ ಬೆಲ್ಲ ಹೇರಿತ್ತು. ರುದ್ರವ್ವ ಮನೆಯಲ್ಲಿರಲಿಲ್ಲ, ಓಣಿಯಲ್ಲಿ ಹೆರಿಗೆಯೊಂದಕ್ಕೆ ಹೋಗಿದ್ದಳು. ನೀಲಾಬಾಯಿ ಕುಂಕುಮ ಹಚ್ಚಿದಳು. ಶಿವಯೋಗೆಪ್ಪ ಹಗ್ಗದ ತುದಿ ಹಿಡಿದು ಕಾಯುತ್ತ ನಿಂತ. ಗುರಲಿಂಗಪ್ಪ ಅತ್ತ ನೋಡಿದ, ಇತ್ತ ನೋಡಿದ. ಕೇಳಿ ಹೇಳುವವರು ಯಾರೂ ಇರಲಿಲ್ಲ. ಒಮ್ಮೆ ಕೆಮ್ಮಿ, ಕಟ್ಟೆಯಿಂದ ಕೆಳಗಿಳಿದ.

"ಬಗ್ಗಿದೇನವಾ?" ಎಂದ.

"ಬಗ್ಗೀನ್ರಿ," ಎಂದಳು ನೀಲಾಬಾಯಿ.

"ಹಾಕಲೇ ಗಂಟು," ಎಂದ ಮಗನಿಗೆ.